ಅಕ್ಕನ ನಕ್ಷತ್ರಕ್ಕೆ ಹನ್ನೊಂದು ನಿಮಿಷ

ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕಕ್ಕೆ ದಿನದ ಕೆಲಸ ಹಂಚುವುದು ತಂಗಿಯ ಉದ್ಯೋಗ. ಅದು ಯಾವ ನಕ್ಷತ್ರವನ್ನು ಎಷ್ಟು ಹೊತ್ತು ನೋಡಬೇಕು, ಯಾವಾಗ ಕತ್ತು ಹೊರಳಿಸಬೇಕು ಎಂಬುದನ್ನೆಲ್ಲ ಅವಳೇ ಬರೆದು ಕಳಿಸಬೇಕು. ದೊಡ್ಡ ದೊಡ್ಡವರ ಕೆಲಸಗಳ ನಡುವೆ ಹತ್ತೋ ಹನ್ನೊಂದೋ ನಿಮಿಷ ಮಿಗುತ್ತಿತ್ತು. ಆ ಸಂದಿಗಳಿಗೆ ತುರುಕಲೆಂದು, ಯಾರೂ ಮೂಸಿ ನೋಡದ ಅರ್ಜಿಗಳದೊಂದು ಪಟ್ಟಿಯಿತ್ತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಕ್ಕನ ಅರ್ಜಿ ಅದರ ತಳದಲ್ಲಿತ್ತು: ಒಂದು ಮಂಕು ನಕ್ಷತ್ರ, ಒಟ್ಟು ಆರು ಗಂಟೆ.

"ನಿನ್ನ ನಕ್ಷತ್ರಕ್ಕೆ ಯಾರ ಶಿಫಾರಸೂ ಇಲ್ಲ ಕಣಕ್ಕ," ಎಂದು ತಂಗಿ ಕಾಡಿಸುತ್ತಿದ್ದಳು.

"ನೀನಿದ್ದೀಯಲ್ಲ. ಚೂರುಪಾರು ಹೊತ್ತು ಸಿಕ್ಕಿದ್ರೂ ಹಾಕ್ತಾ ಇರು. ಆದ್ರೆ ಚಿತ್ರ ಬಂದಾಗ ಮೊದ್ಲು ನೋಡೋದು ನಾನು, ನೀನಲ್ಲ," ಎನ್ನುತ್ತಿದ್ದಳು ಅಕ್ಕ.

ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಆ ನಕ್ಷತ್ರ ಕಾಣುವ ದಿನಗಳಲ್ಲಿ ತಂಗಿ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಕೊನೆಯ ಹನ್ನೊಂದು ನಿಮಿಷ ಸೇರಿ ಆರು ಗಂಟೆ ಭರ್ತಿಯಾಯಿತು.

ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆದು ಕೂತಿದ್ದಾಗ, ಮೇಜಿನ ಡ್ರಾಯರಿನೊಳಗೆ ಅಕ್ಕನ ಫೋನು ಟಿಣ್ ಎಂದಿತು. ಅದನ್ನು ಅವಳು ತಪ್ಪದೆ ಚಾರ್ಜಿಗೆ ಹಾಕಿ ಅಲ್ಲೇ ಇಟ್ಟುಕೊಂಡಿದ್ದಳು. ಅರ್ಜಿ ಹಾಕಿದವರಿಗೆಲ್ಲ ಯಂತ್ರ ತಾನಾಗಿ ಕಳಿಸುವ ಸಾಲು ಅಕ್ಕನಿಗೂ ಬಂದಿತ್ತು: ನೀವು ಕೇಳಿದ ಚಿತ್ರ ಸಿದ್ಧವಾಗಿದೆ.

ಅದೇ ಚಿತ್ರ ತಂಗಿಯ ಕಂಪ್ಯೂಟರಿನಲ್ಲೂ ಇತ್ತು. ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಅವಳು ಒತ್ತಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು, ಕಲಸಿದ ತುತ್ತು ಕೈಯಲ್ಲೇ ಒಣಗುತ್ತಿದ್ದರೂ, ಅಕ್ಕ ಮೊದಲು ನೋಡಲಿ ಎಂದು ಕಾದಳು.