ಮೊದಲು ಗುಳಿಗೆ, ಆಮೇಲೆ ರೊಟ್ಟಿ

ಶ್ರಾವಣ ಬಂತೆಂದರೆ ಮಾದನಹಿಪ್ಪರಗಾದ ಮಠದಲ್ಲಿ ಸಂಜೆಯ ಪುರಾಣ. ಆಗಿನ್ನೂ ಮನೆಮನೆಗೆ ಟಿವಿ ಬಂದಿರಲಿಲ್ಲ. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಶಾಸ್ತ್ರಿಗಳು ಪದ್ಯ ಓದಿ ನಿಲ್ಲಿಸಿದರೆ, ಜನರ ಮುಂದಿನ ಸಾಲಿನಲ್ಲಿ ಕುಳಿತ ಮಲ್ಕಪ್ಪ ಪಲ್ಲವಿ ಎತ್ತುತ್ತಿದ್ದ. ಅವನ ಬೆನ್ನಿಗೆ ಇಡೀ ಊರು. ಹೆಂಗಸರ ನಡುವೆ ಕುಳಿತ ಹೆಂಡತಿ ಮಾಳಮ್ಮನಿಗೆ ಆ ದನಿ ಕೇಳಿದರೆ ಹೊಲದ ದಣಿವೆಲ್ಲ ಇಳಿದುಹೋಗುತ್ತಿತ್ತು.

ಒಂದು ವರ್ಷ ಬೇಸಿಗೆಯಲ್ಲಿ ಮಲ್ಕಪ್ಪನ ಕರುಳು ತಿರುಚಿಕೊಂಡು, ಗುಲ್ಬರ್ಗಾದಲ್ಲಿ ಆಪರೇಷನ್ ಆಯಿತು. ಕೆಟ್ಟ ಭಾಗ ಕತ್ತರಿಸಿ ತೆಗೆದರು. ಜೀವ ಉಳಿಯಿತು, ಗಾಯ ಮಾಯಿತು, ಭೇದಿ ಮಾತ್ರ ನಿಲ್ಲಲಿಲ್ಲ. ಉಂಡ ಕೈ ತೊಳೆಯುವಷ್ಟರಲ್ಲಿ ನೀರಿನ ಚರಗಿ ಹಿಡಿದು ಹೊಲದ ಕಡೆ ಓಟ.

ಶ್ರಾವಣ ಬಂತು. ಪುರಾಣದ ನಡುವೆ ಎದ್ದು ಹೋಗುವುದೆಂದರೆ ಅವನಿಗೆ ತಲೆ ಹೋದಷ್ಟು ಅವಮಾನ. ಮುಂಜಾನೆಯಿಂದ ಗುಟುಕು ನೀರೂ ಕುಡಿಯದೆ ಹೊರಟ. ಮಠದ ಮೆಟ್ಟಿಲಲ್ಲೇ ಕಣ್ಣು ಕತ್ತಲೆ ಬಂದು ಕುಸಿದ.

ಮರುದಿನ ಪಕ್ಕದ ಮನೆಯ ಶರೀಫಾಬಿ ಬಂದಳು. ಸರ್ಕಾರಿ ದವಾಖಾನೆಯ ನರ್ಸಬಾಯಿ.

"ಏನ್ರಿ ಮಲ್ಕಪ್ಪಣ್ಣಾ, ಪುರಾಣಕ್ಕ ಹೊಂಟಿದ್ರೋ, ಸೀದಾ ಕೈಲಾಸಕ್ಕ ಹೊಂಟಿದ್ರೋ?"

"ನಗಬ್ಯಾಡವಾ. ಇನ್ನ ನನ್ನ ಹಣ್ಯಾಗ ಪುರಾಣ ಇಲ್ಲ."

"ಭೇದಿಗೆ ಡಾಕ್ಟರ್ ಕೊಟ್ಟ ಗುಳಗಿ?"

"ನಾಕ್ ದಿನ ನುಂಗಿ ಬಿಟ್ಟೇನಿ. ಏನೂ ಫಾಯ್ದಾ ಇಲ್ಲ."

"ಯಾವಾಗ ನುಂಗ್ತಿದ್ರಿ?"

"ಉಂಡ ಮ್ಯಾಲ. ಖಾಲಿ ಹೊಟ್ಟ್ಯಾಗ ಇಂಗ್ಲಿಷ್ ಗುಳಗಿ ಉಷ್ಣ ಅಲ್ಲೇನು?"

ಮಾಳಮ್ಮ ತಲೆ ತಗ್ಗಿಸಿದಳು. "ನಾನೇ ಹಂಗ ಕೊಟ್ಟೇನಿ ತಂಗೀ. ಮೊದಲ ಎರಡು ರೊಟ್ಟಿ, ಆಮ್ಯಾಲ ಗುಳಗಿ. ನಮ್ಮವ್ವ ಹಂಗೇ ಮಾಡ್ತಿದ್ಲು."

"ಎತ್ತು ಓಡಿಹೋದ ಮ್ಯಾಲ ಹಗ್ಗ ಹಿಡಿದ್ರ ನಿಲ್ತದೇನಕ್ಕಾ? ಕರುಳು ಗಿಡ್ಡ ಆಗ್ಯದ, ಉಂಡದ್ದು ಲಗೂನ ಓಡ್ತದ. ಈ ಗುಳಗಿ ಆ ಓಟ ತಡೀತದ. ಅದಕ್ಕೇ ಊಟಕ್ಕಿಂತ ಅರ್ಧ ತಾಸು ಮೊದಲ ಅಂತ ಹೇಳಿರ್ತಾರ."

"ಹಂಗಾದ್ರ ಒಮ್ಮೆಲೇ ನಾಕು ನುಂಗಿದ್ರ?" ಮಲ್ಕಪ್ಪನಿಗೆ ಆಸೆ.

"ತೋಬಾ ತೋಬಾ! ಹೆಚ್ಚಾದ್ರ ಎದಿಗೆ ಕುತ್ತು. ಹೇಳಿದಷ್ಟೇ. ನೀರಂತೂ ಬಿಡಬ್ಯಾಡ್ರಿ, ದವಾಖಾನ್ಯಾಗ ಕೊಡೋ ಓಆರ್‌ಎಸ್ ಪುಡಿ ಕಲಸಿ ಗುಟುಕು ಗುಟುಕು ಕುಡೀರಿ. ಜ್ವರ ಬಂದ್ರ, ರಕ್ತ ಕಂಡ್ರ, ಹೊಟ್ಟಿ ಉಬ್ಬಿದ್ರ ಗುಳಗಿ ನಿಲ್ಲಿಸಿ ಡಾಕ್ಟರ್ ಕಡೆ ನಡೀರಿ. ಬಿದ್ದದ್ದಕ್ಕ ಇವತ್ತೇ ಒಮ್ಮೆ ತೋರಿಸ್ರಿ."

ಡಾಕ್ಟರೂ ಅದನ್ನೇ ಹೇಳಿ, ಗುಳಿಗೆ ಮತ್ತೆ ಶುರು ಮಾಡಿಸಿದರು. ಅಂದಿನಿಂದ ಮಾಳಮ್ಮ ಗಂಡನ ಕೈಗೆ ಗುಳಿಗೆ ಕೊಟ್ಟೇ ಒಲೆಯ ಮುಂದೆ ಕೂಡತೊಡಗಿದಳು. ಹಿಟ್ಟು ನಾದಿ, ರೊಟ್ಟಿ ಬಡಿದು, ಬೇಯಿಸಿ ತಟ್ಟೆಗೆ ಹಾಕುವಷ್ಟರಲ್ಲಿ ಗುಳಿಗೆ ತನ್ನ ಕೆಲಸ ಹಿಡಿದಿರುತ್ತಿತ್ತು.

ಭೇದಿ ಪೂರ್ತಿ ನಿಂತಿತೆಂದಲ್ಲ. ಹಿಡಿತಕ್ಕೆ ಬಂತು. ಶ್ರಾವಣ ಮುಗಿಯುವ ಮೊದಲು ಮಲ್ಕಪ್ಪ ಮಠಕ್ಕೆ ಹೋದ. ಅಂಜಿಕೆಯಿಂದ ಬಾಗಿಲ ಬಳಿಯೇ ಕುಳಿತ. ಶಾಸ್ತ್ರಿಗಳು ಪದ್ಯ ನಿಲ್ಲಿಸಿದರು. ಆಮೇಲೆ ಬಾಗಿಲ ಕಡೆಯಿಂದ ಪಲ್ಲವಿ ಎದ್ದಿತು, ತೆಳ್ಳಗೆ, ಆದರೆ ಅದೇ ದನಿ. ಊರೆಲ್ಲ ದನಿಗೂಡಿಸಿತು. ಮಾಳಮ್ಮ ಒಬ್ಬಳಿಗೆ ಮಾತ್ರ ಹಾಡಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅಕ್ಕ-ಅಣ್ಣಂದಿರಾ, ಕರುಳಿನ ಆಪರೇಷನ್ ಆದವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಭೇದಿ ಹಣೆಬರಹವೆಂದುಕೊಂಡು ಅವರನ್ನು ಮೂಲೆಗೆ ಕೂಡಿಸಬೇಡಿ. ನೀರು ಬಿಡಿಸಬೇಡಿ. ಗುಳಿಗೆ ಯಾವಾಗ, ಎಷ್ಟು ಎಂದು ನಾಚದೆ ಡಾಕ್ಟರನ್ನು ಕೇಳಿ, ಹಾಗೆಯೇ ಕೊಡಿ. ನಾಲ್ಕು ಜನರ ನಡುವೆ ಅವರಿಗಾಗಿ ಒಂದು ಜಾಗ ಕಾದಿರುತ್ತದೆ.