ಹೇಳಬಾರದ ಹೆಸರು

"ಮನೆಯವರ ಹೆಸರೆಲ್ಲ ಹೇಳಿ ನೋಡೋಣ, ಅಜ್ಜಿ," ಎಂದರು ಪರದೆಯೊಳಗಿನ ರಷ್ಯನ್ ಪ್ರೊಫೆಸರ್ ಲಾಪಿನ್. ರಾಜಧಾನಿ ಬಿಷ್ಕೆಕ್‌ನಲ್ಲಿ ಕೂತು ಈ ಬೆಟ್ಟದೂರಿನ ಆಸ್ಪತ್ರೆಗೆ ಬಂದ ತಲೆಗಳನ್ನೆಲ್ಲ ನೋಡುವ ನರತಜ್ಞರು ಅವರೊಬ್ಬರೇ.

ಕಲಿಪಾ ಅಜ್ಜಿ ಪಕ್ಕದಲ್ಲಿ ಕೂತಿದ್ದ ಗಂಡನತ್ತ ಬೆರಳು ತೋರಿದಳು. "ಇವನು ಎಸೆನ್. ಇವನಪ್ಪ ತೊಕ್ತೊಸುನ್. ಹಿಂಗೆ ನಡೀತಿದ್ದ!" ಕೂತಲ್ಲೇ ಒಂದು ಭುಜ ತಗ್ಗಿಸಿ, ಸತ್ತ ಮಾವನ ಕುಂಟುನಡೆಯನ್ನು ಮಾಡಿ ತೋರಿಸಿದಳು.

ಪ್ರೊಫೆಸರ್ ನಕ್ಕುಬಿಟ್ಟರು. "ನೆನಪು ಚುರುಕಾಗಿದೆ, ಮಾತೂ ಸ್ಪಷ್ಟ. ತಲೆನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಮ್ಮ, ಬುರುಲ್."

ಅಜ್ಜಿಯ ಬಳಿ ನಿಂತಿದ್ದ ಡಾಕ್ಟರ್ ಬುರುಲ್ ನಗಲಿಲ್ಲ. ಎಸೆನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಸಾವಿನ ಮನೆಯಲ್ಲಿ ಕೂತವನಂತೆ ಕೂತಿದ್ದ.

"ತಾತ, ಅಜ್ಜಿ ಮುಂಚೆ ಯಾವತ್ತಾದ್ರೂ ಆ ಎರಡು ಹೆಸರು ಹೇಳಿದ್ರಾ?"

"ಸೊಸೆಯಾಗಿ ಬಂದಾಗಿಂದ ಇಲ್ಲಮ್ಮ. ನಮ್ಮಪ್ಪ ಅಂದ್ರೆ 'ದೊಡ್ಡ ಮನೆಯವರು'. ನಾನು 'ಇವರೇ'. ಈಗ ಎಸೆನ್ ಅಂತ ಕೂಗಿದ್ರೆ, ಯಾರನ್ನೋ ಕರೀತಾಳೆ ಅಂತ ಹಿಂದೆ ತಿರುಗಿ ನೋಡ್ತೀನಿ."

"ಬಿದ್ದಿದ್ರಾ?"

"ಹೋದ ತಿಂಗಳು ಮಂಜುಗಡ್ಡೆ ಮೇಲೆ ಜಾರಿದ್ಲು. ಏನೂ ಆಗಿಲ್ಲ ಅಂತ ಎದ್ದು ಹೋಗಿ ಹಸು ಕರೆದ್ಲು."

ದಿನವಿಡೀ ರೋಗಿಗಳ ಹೆಸರು ಕೂಗುವ ಬುರುಲ್‌ಗೂ ತನ್ನ ಮಾವನ ಹೆಸರು ಇಂದಿಗೂ ಗಂಟಲು ದಾಟಿ ಬಂದದ್ದಿಲ್ಲ.

"ಸರ್, ಸ್ಕ್ಯಾನ್ ಮಾಡಿಸ್ತೀನಿ."

"ಯಾಕಮ್ಮ? ಎಲ್ಲ ಸರಿಯಾಗೇ ಹೇಳಿದ್ರಲ್ಲ!"

"ಅದೇ ಸರಿಯಿಲ್ಲ, ಸರ್."

ನಾಲಿಗೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವನ್ನು ಅದುಮಿಕೊಂಡು ರಕ್ತ ಕಟ್ಟಿತ್ತು. ಚಿತ್ರ ನೋಡಿದ ಪ್ರೊಫೆಸರರ ದನಿಯೇ ಬದಲಾಯಿತು. "ಇಲ್ಲಿಗೆ ಕಳಿಸಬೇಡ. ಕಣಿವೆ ದಾಟೋದ್ರೊಳಗೆ ಪ್ರಾಣ ಹೋಗತ್ತೆ. ನಿಮ್ಮ ಸರ್ಜನ್‌ನ ಕರಿ, ನಾನು ಪರದೆ ಬಿಟ್ಟು ಕದಲಲ್ಲ."

ಹೊಟ್ಟೆ ಬಿಟ್ಟು ಮೇಲಕ್ಕೆ ಚಾಕು ಎತ್ತಿದವರಲ್ಲ ಆ ಸರ್ಜನ್. ಪ್ರೊಫೆಸರ್ ಹೇಳಿ ಹೇಳಿ, ಅವರು ಬೆವೆತು ಬೆವೆತು, ಬುರುಡೆಯಲ್ಲಿ ರಂಧ್ರ ಕೊರೆದರು. ಕಪ್ಪು ರಕ್ತ ಹೊರಬಂತು.

ವಾರದ ಮೇಲೆ ಪರದೆ ಮತ್ತೆ ಬೆಳಗಿತು. ತಲೆಯ ಬ್ಯಾಂಡೇಜಿನ ಮೇಲೇ ಕಲಿಪಾ ತಲೆವಸ್ತ್ರ ಕಟ್ಟಿಕೊಂಡಿದ್ದಳು. ಮಗನ ಹೆಸರು ಹೇಳಿದಳು, ಹಸುವಿನದನ್ನೂ ಹೇಳಿದಳು.

"ನಿಮ್ಮ ಮಾವನ ಹೆಸರೇನಜ್ಜಿ?" ಪ್ರೊಫೆಸರರ ದನಿ ಮೆಲ್ಲಗಿತ್ತು.

ಎಸೆನ್ ಅಂದಿನಂತೆಯೇ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬುರುಲ್ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಳು.

ಕಲಿಪಾ ಗಂಡನತ್ತ ನೋಡಿದಳು, ಡಾಕ್ಟರತ್ತ ನೋಡಿದಳು. ಕಿವಿ ಕೆಂಪೇರಿತು. ವಸ್ತ್ರದ ಅಂಚನ್ನೆಳೆದು ಬಾಯಿಗೆ ಅಡ್ಡ ಹಿಡಿದಳು.

"ಛೀ, ಹೆಂಗಸರನ್ನ ಕೇಳೋ ಮಾತಾ ಅದು?"

ಎಸೆನ್ ಮಡಿಲಲ್ಲಿದ್ದ ಟೋಪಿಯನ್ನೆತ್ತಿ, ಅಂಗೈಯಿಂದ ಒರೆಸಿ, ಮೆಲ್ಲನೆ ತಲೆಗಿಟ್ಟುಕೊಂಡ.