ಲಗಮವ್ವನ ಕೊರಳ ಪದಕ

ನಾನೊಂದು ಬೆಳ್ಳಿಯ ಪದಕ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಲಕತ್ತೆಯ ಟಂಕಸಾಲೆಯಲ್ಲಿ ಹುಟ್ಟಿದೆ. ನನ್ನ ಒಂದು ಮುಖದಲ್ಲಿ ಇಂಗ್ಲೆಂಡಿನ ದೊರೆ, ಇನ್ನೊಂದು ಮುಖದಲ್ಲಿ ಮೈಮೇಲೆ ನೂಲಿಲ್ಲದೆ ಕುದುರೆ ಏರಿದ ಒಬ್ಬ ಗಂಡಸು. ಇವರಿಬ್ಬರೂ ನನ್ನ ಜೊತೆ ಹುಟ್ಟಿದ ಎಲ್ಲ ಪದಕಗಳಲ್ಲೂ ಇದ್ದರು. ನನ್ನದೇ ಅಂತ ಇದ್ದದ್ದು ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಒಂದು ಹೆಸರು: ಭರಮಾ ತಳವಾರ, ಹೇಸರಗತ್ತೆ ಹೊಡೆಯುವವನು.

ಈ ಭರಮಪ್ಪನನ್ನು ನಾನು ಕಾಣಲೇ ಇಲ್ಲ. ನಾನು ಹುಟ್ಟುವ ಮೊದಲೇ ಅವನು ಕಡಲಾಚೆಯ ಇರಾಕಿನ ಬಸರಾದಲ್ಲಿ, ಸೈನ್ಯದ ಹೇಸರಗತ್ತೆಗಳನ್ನು ಕಾಯುತ್ತ, ಜ್ವರ ಬಂದು ಸತ್ತಿದ್ದ. ಸತ್ತವನಿಗೆ ಪದಕ ಕೊಡುವುದೂ ಬೋಳುತಲೆಗೆ ಬಾಚಣಿಗೆ ಕೊಡುವುದೂ ಒಂದೇ. ಆದರೂ ಸರಕಾರ ಕೊಟ್ಟಿತು. ಘಟಪ್ರಭಾ ನದಿಯ ದಂಡೆಯಲ್ಲಿದ್ದ ಅವನ ಊರಿಗೆ ನಾನು ಬಂದಾಗ ಗೌಡರು ಅವನ ಹೆಂಡತಿ ಲಗಮವ್ವನನ್ನು ಚಾವಡಿಗೆ ಕರೆಸಿದರು.

"ತಗೋಬೇ, ನಿನ್ನ ಗಂಡಗ ಸರಕಾರ ಪದಕ ಕೊಟ್ಟೈತಿ" ಎಂದರು.

ಪದಕ ಎಂದರೆ ಅವಳಿಗೆ ತಿಳಿದಿದ್ದದ್ದು ಒಂದೇ, ಕೊರಳಿಗೆ ಹಾಕುವ ಒಡವೆ. ಎದೆಗೆ ಚುಚ್ಚಿಕೊಳ್ಳುವ ಪದಕದ ಸುದ್ದಿ ಅವಳಿಗೆ ಯಾರು ಹೇಳಿದ್ದರು? ನೆಟ್ಟಗೆ ಪತ್ತಾರನ ಬಳಿ ಹೋಗಿ ರಿಬ್ಬನ್ನು ಪೋಣಿಸಲು ನನ್ನ ತಲೆಗಿದ್ದ ಪಟ್ಟಿಯನ್ನು ಕೀಳಿಸಿದಳು, ಕೊಂಡಿ ಬೆಸೆಸಿದಳು. ಬಣ್ಣದ ರಿಬ್ಬನ್ನು ಮಗನ ಕುಂಚಿಗೆಗೆ ಹೋಯಿತು. ನನ್ನನ್ನು ಕರಿದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಬೆತ್ತಲೆ ಸವಾರನನ್ನು ಕಂಡು ನಾಚಿ ಆ ಮುಖವನ್ನು ಮಾತ್ರ ಒಳಗಡೆಗೆ ತಿರುಗಿಸಿದಳು.

ಊರು ಸುಮ್ಮನಿರುತ್ತದೆಯೇ? ಬಾವಿಕಟ್ಟೆಯ ಮೇಲೆ ಓರಗಿತ್ತಿ ಕೆಣಕಿದಳು.

"ಗಂಡ ಸತ್ತಾಕಿ ಕೊರಳಾಗ ಪದಕ ಯಾಕಬೇ? ಅಂವ ಸತ್ತಿಲ್ಲ, ಬಸರಾದಾಗ ಯಾವಾಕೀನ್ನೋ ಇಟ್ಕೊಂಡು ಉಳದಾನ ಅಂತ ಊರೆಲ್ಲ ಆಡತೈತಿ."

ಲಗಮವ್ವ ಕೊಡ ಕೆಳಗಿಟ್ಟು ನನ್ನ ಅಂಚನ್ನು ಅವಳ ಮೂಗಿಗೆ ಹಿಡಿದಳು. "ಓಡಿ ಹೋದಾಂವನ ಹೆಸರು ಸರಕಾರ ಬೆಳ್ಳಿ ಮ್ಯಾಲ ಬರಸತೈತೇನ? ಓದು."

ಇಬ್ಬರಿಗೂ ಓದು ಬರುತ್ತಿರಲಿಲ್ಲ. ಆದರೂ ಓರಗಿತ್ತಿ ಬಾಯಿ ಮುಚ್ಚಿದಳು. ಅಂದಿನಿಂದ ನಾನು ಲಗಮವ್ವನ ಒಡವೆಯೂ ಹೌದು, ಸಾಕ್ಷಿಯೂ ಹೌದು. ಯಾರು ಏನೇ ಅಂದರೂ ಅವಳ ಕೈ ಕೊರಳಿಗೆ ಹೋಗುತ್ತಿತ್ತು. ಅವಳ ಬೆವರಿನಲ್ಲಿ ನಾನು ಕಪ್ಪಾದೆ. ನನ್ನ ಬದುಕಿನ ಒಳ್ಳೆಯ ದಿನಗಳು ಅವು.

ಅವಳು ತೀರಿಕೊಂಡ ಮೇಲೆ ಮಗ ಯಮನಪ್ಪ, ತನ್ನ ಮನೆಗೆ ಬರುವ ಸೊಸೆಗೆ ಕಾಲುಂಗುರ ಮಾಡಿಸಲು ನನ್ನನ್ನು ಬೆಳಗಾವಿಯ ಬೆಳ್ಳಿ ಅಂಗಡಿಗೆ ಒಯ್ದ. ಅವನಿಗೆ ಬೇರೆ ಬೆಳ್ಳಿಯ ಕಾಲುಂಗುರ ಸಿಕ್ಕವು, ನಾನು ಗಲಗಲಿ ಮಾಸ್ತರರ ಪಾಲಾದೆ. ರಾಜನ ತಲೆ ಇದ್ದದ್ದು ಬಂದರೆ ಕರಗಿಸದೆ ತಮಗೇ ಕೊಡಬೇಕೆಂದು ಅವರು ಅಂಗಡಿಯವರಿಗೆ ಹೇಳಿಟ್ಟಿದ್ದರು. ಕರಗಿದ್ದರೆ ಒಂದು ಹುಡುಗಿಯ ಕಾಲಬೆರಳಲ್ಲಿ ಮರ್ಯಾದೆಯಿಂದ ಸವೆಯುತ್ತಿದ್ದೆ.

ಗಲಗಲಿಯವರಿಗೆ ಬ್ರಿಟಿಷರ ಕಾಲದ ಕತ್ತಿ, ಟೊಪ್ಪಿಗೆ, ಗುಂಡಿ, ಪದಕ ಕೂಡಿಹಾಕುವ ಹುಚ್ಚು. ಆಮೇಲೆ ಅದೇ ವ್ಯಾಪಾರವಾಯಿತು. ಬೇರೆ ತಟ್ಟೆಯಲ್ಲಿ ಅಗ್ಗದ ಲೋಹದ ನಕಲಿ ಪದಕಗಳೂ ಇದ್ದವು, ಅಂಚು ಖಾಲಿ, ಹೊಳಪು ಮಾತ್ರ ಮದುವಣಗಿತ್ತಿಯದು. ಕೊಳ್ಳಲು ಬಂದವರು ನನ್ನ ಮುಖ ನೋಡುತ್ತಿರಲಿಲ್ಲ, ಅಂಚು ನೋಡುತ್ತಿದ್ದರು. "ಹೇಸರಗತ್ತಿ ಹೊಡ್ಯಾಂವಂದು. ಅದರಾಗ ಕೊಂಡಿ ಬೆಸದು ಕೆಡಿಸ್ಯಾರ" ಎಂದು ಕೆಳಗಿಡುತ್ತಿದ್ದರು. ಲಗಮವ್ವ ನನ್ನನ್ನು ಕೆಡಿಸಿದಳಂತೆ. ಆ ಮಾತು ಕೇಳಿ ಕೇಳಿ ನನಗೆ ಮನುಷ್ಯರ ಮೇಲೆ ಹೇಸಿಗೆ ಹುಟ್ಟಿತು.

ವರ್ಷಗಳು ಉರುಳಿ ಗಲಗಲಿಯವರು ಮುದುಕರಾದ ಮೇಲೆ ಜಯಸಿಂಗರಾವ ಇನಾಮದಾರರು ಬಂದರು. ಅವರ ಅಜ್ಜ ಊರೂರಿನ ಹುಡುಗರನ್ನು ಹಿಡಿದು ದಂಡಿಗೆ ಕಳಿಸಿದವರು, ತಾವು ಮಾತ್ರ ಪುಣೆ ದಾಟಿದವರಲ್ಲ.

"ನಮ್ಮಜ್ಜನ ಹೆಸರಿಂದು ಒಂದು ಪದಕ ವಾಡೇದ ಗೋಡಿಗೆ ಬೇಕ್ರಿ. ಅಸಲಿನ ಇರಬೇಕು ಮತ್ತ."

ಯಾರಿಗೂ ಬೇಡವಾದ ಅಸಲಿ ಎಂದರೆ ನಾನೇ. ಗಲಗಲಿಯವರು ನನ್ನ ಕೊಂಡಿ ಕಿತ್ತು ಹೊಸ ಪಟ್ಟಿ ಬೆಸೆದರು. ಅಂಚಿಗೆ ಅರ ಹಾಕಿ ಉಜ್ಜಿದರು. ಭರಮಪ್ಪ ಹುಡಿಯಾಗಿ ಮೇಜಿನ ಮೇಲೆ ಉದುರಿದ. ಆ ಜಾಗದಲ್ಲಿ ಇನಾಮದಾರರ ಅಜ್ಜ ಕ್ಯಾಪ್ಟನ್ ಆಗಿ ಬಂದು ಕೂತ.

ಹುಡಿ ಇನ್ನೂ ಒರೆಸಿರಲಿಲ್ಲ, ಯಮನಪ್ಪನ ಮಗಳು ಕಸ್ತೂರಿ ಬಾಗಿಲಿಗೆ ಬಂದಳು. ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಹೆಂಗಸು.

"ದಂಡಿಗೆ ಹೋಗಿ ಸತ್ತವರ ಹೆಸರು ನಮ್ಮೂರಾಗ ಕಲ್ಲಾಗ ಕೆತ್ತಸಾಕತ್ತಾರ್ರಿ. ನಮ್ಮ ಮುತ್ಯಾ ಓಡಿ ಹೋಗ್ಯಾನ ಅಂತ ಇನ್ನೂ ಅಂತಾರ. ಪದಕ ತೋರಸ್ರಿ, ಹೆಸರು ಹಾಕಸ್ತೀವಿ ಅಂದಾರ. ಬೆಳ್ಳಿ ಅಂಗಡಿಯವರು ನಿಮ್ಮ ಹೆಸರು ಹೇಳಿದ್ರು."

"ಹೆಸರೇನ್ರಿ ಅವರದು?"

"ಭರಮಪ್ಪ ತಳವಾರ."

ಗಲಗಲಿಯವರು ಮೇಜಿನ ಮೇಲಿನ ಹುಡಿಯನ್ನು ಅಂಗೈಯಿಂದ ಒರೆಸಿದರು. ಅಷ್ಟರಲ್ಲಿ ಕಸ್ತೂರಿ ನನ್ನನ್ನು ಎತ್ತಿಕೊಂಡಿದ್ದಳು. ನನಗೆ ಜೀವ ಬಂದಂತಾಯಿತು. ಅವಳು ಅಂಚನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದಳು. ಆ ಮನೆತನದಲ್ಲಿ ನನ್ನನ್ನು ಓದಿದವಳು ಅವಳೊಬ್ಬಳೇ.

"ಇದು ಬ್ಯಾರೆ ಯಾರದೋ ಐತಿ" ಎಂದು ಕೆಳಗಿಟ್ಟಳು.

"ಕೂಡ್ರಿ, ಒಳಗ ಹುಡುಕ್ತೇನಿ" ಎಂದು ಗಲಗಲಿಯವರು ನಕಲಿಯೊಂದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಹೋದರು. ಒಳಗಿನಿಂದ ಯಂತ್ರ ಕೊರೆಯುವ ಸದ್ದು ಬಂತು. ಹೊರಗೆ ತಂದುಕೊಟ್ಟಾಗ ಅದರ ಅಂಚಿನ ಮೇಲೆ ಭರಮಪ್ಪನ ಹೆಸರಿತ್ತು.

"ಕೊಂಡಿ ಇತ್ತಲ್ರಿ?"

"ನಾನಽ ತಗದೇನಿ ರೀ. ತೊಳದು ಚೊಕ್ಕ ಮಾಡೇನಿ."

ಕಸ್ತೂರಿ ಅದನ್ನು ಕಣ್ಣಿಗೊತ್ತಿಕೊಂಡಳು, ಅತ್ತಳು. "ನಮ್ಮಾಯಿ ಕೊರಳಿನ ಕಾವು ಇನ್ನೂ ಐತಿ ನೋಡ್ರಿ ಇದರಾಗ" ಎಂದಳು. ಅದು ಯಂತ್ರದ ಬಿಸಿ. ನನಗೆ ಬಾಯಿ ಇದ್ದಿದ್ದರೆ ಆಗ ಕೂಗುತ್ತಿದ್ದೆ.

ಈಗ ನಾನು ಇನಾಮದಾರರ ವಾಡೆಯ ಗೋಡೆಯಲ್ಲಿ, ಗಾಜಿನ ಹಿಂದೆ ಇದ್ದೇನೆ. ಚೌಕಟ್ಟು ಸರಿಮಾಡಲು ಬಂದ ಗಲಗಲಿಯವರು ನಗುತ್ತ ಸುದ್ದಿ ಹೇಳಿದರು. ನಕಲಿಯನ್ನು ಊರವರಿಗೆ ತೋರಿಸಿ ಕಸ್ತೂರಿ ಗೆದ್ದಳಂತೆ, ಭರಮಪ್ಪನ ಹೆಸರು ಕಲ್ಲಿಗೆ ಹತ್ತಿತಂತೆ. ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ಲಗಮವ್ವನ ಪರವಾಗಿ ಆ ಒಂದು ಮಾತು ಹೇಳಲಿಕ್ಕೇ ನಾನು ಹುಟ್ಟಿದ್ದು. ಅದನ್ನು ನಿನ್ನೆ ಮೊನ್ನೆಯ ತಗಡು ಹೇಳಿತು. ನಾನಿಲ್ಲಿ ಪುಣೆ ದಾಟದವನ ಶೌರ್ಯ ಸಾರುತ್ತಿದ್ದೇನೆ.

ಬಂದವರು ಗಾಜಿಗೆ ಮುಖ ಹಚ್ಚಿ ಕೇಳುತ್ತಾರೆ, "ಅಸಲಿ ಏನ್ರಿ ಇದು?"

"ಅಸಲಿ" ಎನ್ನುತ್ತಾರೆ ಇನಾಮದಾರರು. ನನ್ನ ಬಗ್ಗೆ ಅವರು ಹೇಳುವ ನಿಜ ಅದೊಂದೇ.